ಕಿಟಕಿಕಟ್ಟೆಯ ಕುಂಬಳಬೀಜ

ತನ್ನ ನಾಲಿಗೆ ಸುಳ್ಳಿಗೆ ಒಗ್ಗಿಹೋಗಿದೆಯೇ? ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಅವಳನ್ನು ಕಾಡುತ್ತಿದ್ದ ಪ್ರಶ್ನೆ ಇದೊಂದೇ. ಯಾರ ಮುಂದೆಯೂ ಹೇಳಿಕೊಳ್ಳುವಂಥದ್ದಲ್ಲ, ಹೇಳಿದರೆ ನಕ್ಕಾರು. ಬಚ್ಚಲಿನ ಕನ್ನಡಿಯ ಮುಂದೆ ಮುಖ ಒರೆಸಿಕೊಳ್ಳುವಾಗ ಮಾತ್ರ ತನಗೆ ತಾನೇ ಪಿಸುಗುಟ್ಟುತ್ತಿದ್ದಳು: ‘ಇವತ್ತೂ ಚೆನ್ನಾಗಿದೆ ಅಂದೆ. ಚೆನ್ನಾಗಿರಲಿಲ್ಲ.’

ಈಗಲೂ ಅದೇ ಗಳಿಗೆ ಎದುರಿಗೆ ಬಂದು ನಿಂತಿತ್ತು. ಒಲೆಯ ಮೇಲೆ ಹಿತ್ತಾಳೆಯ ಬಾಣಲೆಯಲ್ಲಿ ಕುಂಬಳದ ಮುರಬ್ಬ ಲೊಚಲೊಚ ಕುದಿಯುತ್ತಿತ್ತು. ಅತ್ತೆ ಮರದ ಸೌಟಿನ ತುದಿಯಿಂದ ಒಂದು ಚೂರನ್ನು ಚಮಚಕ್ಕೆ ಇಳಿಸಿ, ಊದಿ, ಅವಳ ಬಾಯಿಯ ಹತ್ತಿರ ಹಿಡಿದರು.

“ಹೇಳು ಡಿಗ್ರಿಯಮ್ಮ, ಹೇಗಿದೆ?”

ಓದಿದ ಸೊಸೆಗೆ ಅತ್ತೆ ಇಟ್ಟ ಹೆಸರು ಅದು. ಅವಳು ಬಾಯಿಗೆ ಹಾಕಿಕೊಂಡಳು. ಸಿಹಿ ಬಂತು, ಅದರ ಹಿಂದೆಯೇ ಲವಂಗ ಬಂತು... ಬಂದದ್ದು ಹೋಗಲೇ ಇಲ್ಲ! ನಾಲಿಗೆಯ ತುದಿ ಜುಮ್ಮೆಂದು ಮರಗಟ್ಟಿತು. ಕಣ್ಣಲ್ಲಿ ನೀರಾಡಿತು. ಅತ್ತೆ ಎಂದಿನಂತೆ ಅವಳ ಮಾತಿಗೆ ಕಾಯುವುದಕ್ಕಿಂತ ಹೆಚ್ಚಾಗಿ ಅವಳ ಮುಖವನ್ನೇ ನೋಡುತ್ತಿದ್ದರು. ಹುಬ್ಬು, ತುಟಿ, ಗಂಟಲು... ಏನನ್ನು ಹುಡುಕುತ್ತಿದ್ದಾರೆ ಇವರು?

“ಚೆನ್ನಾಗಿದೆ ಅತ್ತೆ,” ಎಂದಳು.

“ಚೆನ್ನಾಗಿದೆಯಂತೆ! ಸುಣ್ಣ ಕಲಸಿ ಕೊಟ್ಟರೂ ಚೆನ್ನಾಗಿದೆ ಅನ್ನೋ ಬಾಯಿ ನಿಂದು,” ಎಂದು ಅತ್ತೆ ಚಮಚವನ್ನು ತೊಟ್ಟಿಗೆ ಎಸೆದರು.

ಮುಂಭಾಗದ ಕೋಣೆಯಲ್ಲಿ ಹೊಲಿಗೆ ಯಂತ್ರ ಒಂದು ಕ್ಷಣ ನಿಂತು ಮತ್ತೆ ಓಡಿತು. ಅವಳ ಗಂಡ ದರ್ಜಿ. ಮಾತಿಗಿಂತ ಯಂತ್ರದಲ್ಲೇ ಹೆಚ್ಚು ಮಾತಾಡುವ ಮನುಷ್ಯ. ಯಂತ್ರ ನಿಂತರೆ ಕೇಳಿಸಿಕೊಳ್ಳುತ್ತಿದ್ದಾನೆ ಎಂದು ಅರ್ಥ. ಓಡಿದರೆ, ನನಗೇಕೆ ಬೇಕು ಎಂದು ಅರ್ಥ.

ಅವಳಿಗೆ ಅತ್ತೆಯ ಮೇಲೆ ಸಿಟ್ಟು ಬರಬೇಕಿತ್ತು. ಬರುತ್ತಲೂ ಇತ್ತು. ಆದರೆ ಸಿಟ್ಟಿನ ಬೆನ್ನಿಗೇ ಒಂದು ಕುತೂಹಲ ನುಗ್ಗಿ ಬಂದು ಅದನ್ನು ಪಕ್ಕಕ್ಕೆ ತಳ್ಳಿಬಿಡುತ್ತಿತ್ತು. ಇಷ್ಟೊಂದು ಬೈಯುವವರು ಮತ್ತೆ ಮತ್ತೆ ತನಗೇ ಏಕೆ ರುಚಿ ನೋಡಲು ಕೊಡುತ್ತಾರೆ? ತಾವೇಕೆ ಒಂದು ಹನಿಯನ್ನೂ ನೆಕ್ಕುವುದಿಲ್ಲ? “ಸೌಟು ಹಿಡಿದವರು ರುಚಿ ನೋಡಬಾರದು, ಅದು ಈ ಮನೆ ಪದ್ಧತಿ,” ಎಂದಿದ್ದರು ಅತ್ತೆ. ಹೌದೇ ಎಂದು ಗಂಡನನ್ನು ಕೇಳಿದರೆ, “ನಾನು ಚಿಕ್ಕವನಿದ್ದಾಗ ಅಮ್ಮನೇ ಅರ್ಧ ಬಾಣಲೆ ರುಚಿ ನೋಡ್ತಾ ಇದ್ದಳಪ್ಪ,” ಎಂದು ನಕ್ಕುಬಿಟ್ಟಿದ್ದ.

ಕಿಟಕಿಕಟ್ಟೆಯ ಕಸ ಇನ್ನೊಂದು ಒಗಟು. ಅತ್ತೆ ಸಿಹಿಗುಂಬಳ ಹೆಚ್ಚಿ, ತಿರುಳು ಕೆರೆದು, ತುರಿದು, ಸಕ್ಕರೆ ಬೆರೆಸಿ ನೀರು ಬಿಡಲು ಬಿಡುವರು. ಆಮೇಲೆ ಒಲೆಗೇರಿಸಿ ಶುಂಠಿ, ಚಕ್ಕೆಪುಡಿ, ಲವಂಗದ ಪುಡಿಗಳನ್ನು ಒಂದಾದಮೇಲೊಂದು ಹಾಕುವರು. ಅಷ್ಟರಲ್ಲಿ ಕಟ್ಟೆಯ ಮೇಲೆ ಅಲ್ಲೊಂದು ಇಲ್ಲೊಂದು ಕುಂಬಳಬೀಜ ಬಿದ್ದಿರುತ್ತಿತ್ತು. ಚೊಕ್ಕಟದ ಹುಡುಗಿ ಇವಳು. ಇವತ್ತು ಅತ್ತೆ ಹಿತ್ತಲಿಗೆ ಹೋಗಿದ್ದಾಗ ಹೊಗಳಿಕೆಯ ಆಸೆಯಿಂದ ಕಟ್ಟೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಬೀಜಗಳನ್ನು ತಿಪ್ಪೆಗೆ ಚೆಲ್ಲಿದ್ದಳು. ಹಿಂದಿರುಗಿದ ಅತ್ತೆ ಖಾಲಿ ಕಟ್ಟೆಯನ್ನು ನೋಡಿ ತಬ್ಬಿಬ್ಬಾಗಿ ನಿಂತರು. ಆಮೇಲೆ, ಏನೋ ನಿರ್ಧರಿಸಿದವರಂತೆ, ಲವಂಗದ ಡಬ್ಬಿಗೆ ಕೈ ಹಾಕಿದ್ದರು.

ಆ ಮುರಬ್ಬ ಭರಣಿಗಳಲ್ಲಿ ತುಂಬಿ ನಾದಿನಿಯ ಮನೆಗೆ ಹೋಯಿತು. ಹೋದ ವೇಗದಲ್ಲೇ ಹಿಂದಕ್ಕೂ ಬಂತು!

“ಮುರಬ್ಬ ಕಳಿಸಿದ್ದಾರೋ ಹಲ್ಲುನೋವಿನ ಔಷಧ ಕಳಿಸಿದ್ದಾರೋ ಅಂತ ಕೇಳಿದರು ನಮ್ಮತ್ತೆ!” ಚಪ್ಪಲಿ ಬಿಡುವುದಕ್ಕೂ ಮೊದಲೇ ನಾದಿನಿಯ ದನಿ ಅಡುಗೆಮನೆ ಮುಟ್ಟಿತು. “ನೆಂಟರು ತುಂಬಿದ್ದರು ಅಮ್ಮಾ! ಒಬ್ಬರು ನಾಲಿಗೆ ಹೊರಗೆ ಹಾಕಿ ಗಾಳಿ ಹಾಕಿಕೊಂಡರು. ನನ್ನ ಗಂಡನೂ ನಕ್ಕರು... ನನ್ನ ತವರಿನ ಭರಣಿ ನೋಡಿ ನಕ್ಕರು!” ಅವಳ ದನಿ ಒಡೆಯಿತು. ಆಮೇಲೆ ಗಕ್ಕನೆ ಅತ್ತಿಗೆಯ ಕಡೆ ತಿರುಗಿದಳು. “ನಾನು ಹುಟ್ಟಿದಾಗಿನಿಂದ ನಮ್ಮಮ್ಮ ಮಾಡ್ತಾ ಬಂದಿದ್ದಾಳೆ, ಒಂದು ದಿನ ಕೆಟ್ಟಿದ್ದಿಲ್ಲ. ನೀವು ಬಂದಿರಿ, ಕೆಟ್ಟಿತು. ಅಮ್ಮ ಆ ಕಡೆ ಹೋದಾಗ ನೀವೇ ಏನೋ ಸುರಿದಿದ್ದೀರಿ, ಅಲ್ವಾ ಅತ್ತಿಗೆ?”

ಯಂತ್ರ ನಿಂತಿತು. ದರ್ಜಿ ಕತ್ತಿಗೆ ಟೇಪು ನೇತುಹಾಕಿಕೊಂಡೇ ಬಾಗಿಲಿಗೆ ಬಂದ. “ನೀನು ರುಚಿ ನೋಡಿದೆಯಾ?” ಎಂದು ಹೆಂಡತಿಯನ್ನು ಮೆಲ್ಲಗೆ ಕೇಳಿದ.

ಅವಳು ತಲೆಯಾಡಿಸಿದಳು.

“ಹೇಗಿತ್ತು?”

ಅವಳ ಬದಲಿಗೆ ಅತ್ತೆಯೇ ಒರಟಾಗಿ ಹೇಳಿದರು: “ಚೆನ್ನಾಗಿದೆ ಅಂದಳು. ನಾನು ನಂಬಿದೆ.”

ಅಬ್ಬಾ! ಲವಂಗದ ಡಬ್ಬಿಗೆ ಮತ್ತೆ ಕೈ ಹಾಕಿದ್ದು ತಾವೇ ಎಂದು ಅತ್ತೆ ಒಂದು ಮಾತು ಹೇಳಬಹುದಿತ್ತಲ್ಲ... ಹೇಳಲಿಲ್ಲ. ಅವಳು ಅಳುತ್ತಾ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

“ಹಾಗಾದರೆ ಇನ್ನು ಮೇಲೆ ಇವರನ್ನ ಅಡುಗೆಮನೆಗೆ ಸೇರಿಸಬೇಡ,” ಎಂದಳು ನಾದಿನಿ. “ಭಾನುವಾರ ಅದೇ ನೆಂಟರು ಮತ್ತೆ ಬರ್ತಾರೆ. ಒಳ್ಳೇದು ಮಾಡಿಸಿಕೊಂಡು ಬರ್ತೀನಿ ಅಂತ ನಮ್ಮತ್ತೆಗೆ ಮಾತು ಕೊಟ್ಟು ಬಂದಿದ್ದೀನಿ. ನೀನೊಬ್ಬಳೇ ಮಾಡು.”

“ಆಗಲ್ಲ.”

“ಯಾಕಾಗಲ್ಲ?”

“ಇವಳು ಬೇಕು,” ಎಂದರು ಅತ್ತೆ, ಯಾರ ಮುಖವನ್ನೂ ನೋಡದೆ. “ಬೇಕು ಅಂದರೆ ಬೇಕು. ತಲೆ ತಿನ್ನಬೇಡ.”

ಓದುಗರೇ, ಮನೆಯಿಂದಾಚೆ ತಳ್ಳುವಂಥ ಆರೋಪ ಹೊರಿಸಿ, ಅದೇ ಉಸಿರಲ್ಲಿ ‘ಇವಳು ಬೇಕು’ ಎನ್ನುವ ಅತ್ತೆಯನ್ನು ಎಲ್ಲಾದರೂ ಕಂಡಿದ್ದೀರಾ? ಅವಳಿಗಂತೂ ಅಳು ಅರ್ಧಕ್ಕೇ ನಿಂತುಹೋಯಿತು. ಏಕೆ? ಏಕೆ ಬೇಕು ನಾನು?

ಮಾರನೆಯ ದಿನ ಮಧ್ಯಾಹ್ನ ಉತ್ತರ ತಾನಾಗಿ ಸಿಕ್ಕಿತು. ಅವಳು ಒಗೆದ ಬಟ್ಟೆ ಮಡಚುತ್ತಿದ್ದಳು. ಅತ್ತೆ ಒಲೆಗೆ ಬೆನ್ನು ಹಾಕಿ, ಮಣೆಯ ಮೇಲೆ ಕುಳಿತು, ಹೊಸ ಕುಂಬಳದ ಸಿಪ್ಪೆ ತೆಗೆಯುತ್ತಿದ್ದರು. ಬೆನ್ನ ಹಿಂದೆ ಹಾಲು ಬತ್ತಿ, ತಳ ಸುಟ್ಟು, ಕಮಟು ವಾಸನೆ ನಡುಮನೆಗೆಲ್ಲ ಹಬ್ಬಿತ್ತು. “ಅಮ್ಮಾ! ಹಾಲು!” ಎಂದು ಮುಂಭಾಗದ ಕೋಣೆಯಿಂದ ಮಗ ಕೂಗಿದ. ಕೈಚಾಚುವ ದೂರದಲ್ಲಿದ್ದ ಅತ್ತೆ ಆಗ ಬೆಚ್ಚಿಬಿದ್ದು ತಿರುಗಿ ನೋಡಿದರು.

ಅವಳು ಓಡಿಬಂದು ಒಲೆ ಆರಿಸಿದಳು. ಅತ್ತೆಯ ಮುಖ ನೋಡಿದಳು. ಕದ್ದು ಸಿಕ್ಕಿಬಿದ್ದ ಮಗುವಿನ ಮುಖ! ಒಂದು ಕ್ಷಣದಲ್ಲಿ ಎಲ್ಲವೂ ಹೊಂದಿಕೊಂಡಿತು... ಎಂದೂ ರುಚಿ ನೋಡದ ಕೈ, ತನ್ನ ಮುಖವನ್ನೇ ಓದುವ ಕಣ್ಣು, ಒಂದೊಂದು ಸಾಮಾನು ಹಾಕಿದ ಗುರುತಿಗೆ ಒಂದೊಂದರಂತೆ ಕಟ್ಟೆಯ ಮೇಲೆ ಬೀಳುತ್ತಿದ್ದ ಬೀಜ.

“ಅತ್ತೆ... ನಿಮಗೆ ವಾಸನೆ...”

“ಮೆಲ್ಲಗೆ!” ಅತ್ತೆ ಬಾಗಿಲ ಕಡೆ ನೋಡಿದರು. ಯಂತ್ರ ಓಡುತ್ತಿತ್ತು. “ನಿನ್ನ ಮದುವೆಗೆ ಮುಂಚೆ ಒಂದು ಜ್ವರ ಬಂದಿತ್ತು. ಹೋಗುವಾಗ ಮೂಗನ್ನೂ ಎತ್ತಿಕೊಂಡು ಹೋಯ್ತು. ನಾಲಿಗೆಗೂ ಅಷ್ಟೇ, ಸಿಹಿ ಅನ್ನೋದು ಒಂದು ಗೊತ್ತಾಗುತ್ತೆ, ಇನ್ನೇನೂ ಇಲ್ಲ. ಲವಂಗವೂ ಒಂದೇ, ಮರದ ಪುಡಿಯೂ ಒಂದೇ.”

“ಡಾಕ್ಟರಿಗೆ ತೋರಿಸಿ, ಮನೇಲಿ ಹೇಳಿ ಅತ್ತೆ...”

“ಹೇಳಿದರೆ ಏನಾಗುತ್ತೆ ಗೊತ್ತಾ? ‘ಸಾಕಮ್ಮ, ನೀನು ಕೂತಿರು’ ಅಂತಾರೆ. ಪ್ರೀತಿಯಿಂದಲೇ ಅಂತಾರೆ. ಕೂತಿರೋದು ಅಂದರೆ ಏನು ಅಂತ ನಿನಗೆ ಗೊತ್ತಿಲ್ಲ. ನನಗೆ ಈ ಬಾಣಲೆ ಬಿಟ್ಟರೆ ಬೇರೆ ವಿದ್ಯೆ ಬರಲ್ಲ.” ಅತ್ತೆ ಚೂರಿಯನ್ನು ಕೆಳಗಿಟ್ಟರು. “ನಿನ್ನೆ ನಿನ್ನ ಮೇಲೆ ಹಾಕಿದ್ದು ಪಾಪವೇ. ಬಾಯಿವರೆಗೂ ಬಂತು. ಹೆದರಿಕೆ ಆಯ್ತು.”

ಅವಳ ಕಣ್ಣು ತುಂಬಿತು. “ತಪ್ಪು ನಂದೇ ಅತ್ತೆ... ಕಟ್ಟೆ ಒರೆಸಿ ಬೀಜ ಚೆಲ್ಲಿದ್ದು ನಾನು. ಕಸ ಅಂದುಕೊಂಡೆ!”

ಅತ್ತೆ ದೀರ್ಘವಾಗಿ ಉಸಿರೆಳೆದುಕೊಂಡರು. “ಬೀಜ ಇಲ್ಲದೆ ಲವಂಗ ಹಾಕಿದೆನೋ ಇಲ್ಲವೋ ತಿಳಿಯಲಿಲ್ಲ. ಹೋಗಲಿ ಬಿಡು, ನಿನಗೇನು ಗೊತ್ತು. ಆದರೆ ನಾಲಿಗೆ ಮರಗಟ್ಟಿದ್ದಾಗಲೂ ಚೆನ್ನಾಗಿದೆ ಅಂದೆಯಲ್ಲ... ಕಣ್ಣಲ್ಲಿ ನೀರು ಬಂದಿತ್ತು ನಿನಗೆ, ನಾನು ನೋಡಿದೆ. ಇವಳಿಗೆ ನನ್ನ ಅಡುಗೆ ಅಷ್ಟು ಇಷ್ಟವೋ, ನಾನು ಅಂದರೆ ಅಷ್ಟು ಭಯವೋ ಅಂತ ಗೊತ್ತಾಗದೆ ಸುಮ್ಮನಾದೆ. ಬೈದರಾದರೂ ಒಂದು ದಿನ ರೇಗಿ ನಿಜ ಹೇಳ್ತೀಯ ಅಂತ ಬೈದೆ. ಅದಕ್ಕೂ ಬಗ್ಗಲಿಲ್ಲ ನೀನು, ಮಹಾತಾಯಿ!”

ಇಬ್ಬರಿಗೂ ನಗು ಬಂತು, ಜೊತೆಗೆ ಅಳುವೂ ಬಂತು. ಅಷ್ಟರಲ್ಲಿ ಯಂತ್ರ ನಿಂತಿದ್ದರಿಂದ ಇಬ್ಬರೂ ಕುಂಬಳ ತುರಿಯತೊಡಗಿದರು.

“ಇನ್ನೊಂದು ಮಾತು,” ಎಂದರು ಅತ್ತೆ, ತುರಿಯುತ್ತಲೇ. “ಲವಂಗ ಹೆಚ್ಚಾದರೆ ನಗ್ತಾರೆ, ಅಷ್ಟೇ. ತಳ ಹಿಡಿದರೆ ಮಾತ್ರ ಕಷ್ಟ. ಆ ಕ್ಷಣವೇ ಇಳಿಸಿ, ತಳ ಕೆದಕದೆ ಮೇಲಿನದನ್ನ ಬೇರೆ ಪಾತ್ರೆಗೆ ಸುರಿದರೆ ಉಳಿಯುತ್ತೆ. ತಡ ಮಾಡಿದರೆ ಬಾಣಲೆಯಷ್ಟೂ ಕಹಿ. ಮುಂಚೆ ನನ್ನ ಮೂಗೇ ಕೂಗಿ ಹೇಳ್ತಿತ್ತು.”

ಭಾನುವಾರ ಬೆಳಗ್ಗೆ ನಾದಿನಿ ತೊಳೆದ ಭರಣಿಗಳ ಬುಟ್ಟಿ ಹಿಡಿದು ಬಂದು, ಅಡುಗೆಮನೆಯ ಹೊಸ್ತಿಲಲ್ಲೇ ಕುರ್ಚಿ ಹಾಕಿಕೊಂಡು ಕುಳಿತಳು. ಅತ್ತಿಗೆಯ ಕೈಗಳ ಮೇಲೆಯೇ ಅವಳ ಕಣ್ಣು. ಕಿಟಕಿಕಟ್ಟೆಯ ಮೇಲೆ ಬೀಜಗಳು ಒಂದೊಂದಾಗಿ ಸಾಲುಗಟ್ಟಿದವು. ಈ ಸಲ ಯಾರೂ ಒರೆಸಲಿಲ್ಲ. ಸಕ್ಕರೆ ಕರಗಿ, ತುರಿ ಹೊಳೆದು, ಬಾಣಲೆಯಲ್ಲಿ ಹೊಂಬಣ್ಣ ಏರಿತು. ಮನೆಯೆಲ್ಲ ಚಕ್ಕೆ, ಶುಂಠಿಗಳ ಘಮ.

“ನೀವು ಡಬ್ಬಿ ಮುಟ್ಟಬೇಡಿ ಅತ್ತಿಗೆ,” ಎಂದಳು ನಾದಿನಿ. “ಹೋದ ಸಲದ್ದೇ ಸಾಕು.”

ಸೌಟು ನಿಂತಿತು. ಅತ್ತೆ ಮಗಳ ಕಡೆ ತಿರುಗಿದರು. “ಹೋದ ಸಲ ಲವಂಗ ಎರಡೆರಡು ಸಲ ಹಾಕಿದ್ದು ನಾನು. ಅವಳಲ್ಲ. ಅವಳ ಮೇಲೆ ಬಿಟ್ಟುಬಿಟ್ಟೆ. ನಾಚಿಕೆಗೇಡಿ ಕೆಲಸ ಮಾಡಿದೆ.”

ನಾದಿನಿಯ ಬಾಯಿ ತೆರೆದೇ ಉಳಿಯಿತು. “ನೀನಾ? ...ಅಮ್ಮಾ, ಹಾಗಾದರೆ ನಿನಗೆ ಮರೆವು! ವಯಸ್ಸಾಯಿತು ನಿನಗೆ. ಇದೇ ಕೊನೆ ಆಗಲಿ. ಇವತ್ತಿನದೂ ಕೆಟ್ಟರೆ ಬಾಣಲೆ ನಾನು ತಗೊಂಡು ಹೋಗ್ತೀನಿ. ನೀನು ಇನ್ನು ಸುಮ್ಮನೆ ಕೂತಿರು.”

ಕೂತಿರು! ಆ ಮಾತು ಕಿವಿಗೆ ಬಿದ್ದೊಡನೆ ಅತ್ತೆಯ ಮುಖ ಬಿಳಿಚಿಕೊಂಡಿತು. ಮಾತಿನ ಭರದಲ್ಲಿ ನಿಂತ ಸೌಟು ಇನ್ನೂ ನಿಂತೇ ಇತ್ತು. ಅತ್ತೆ ಎಚ್ಚೆತ್ತು, ಆತುರಾತುರವಾಗಿ ಕದಡಿ, ಚಮಚಕ್ಕೆ ಇಳಿಸಿ, ಊದಿ, ಸೊಸೆಯ ಬಾಯಿಯ ಹತ್ತಿರ ಹಿಡಿದರು.

“ಹೇಳು... ಹೇಗಿದೆ?”

ಅವಳು ಬಾಯಿಗೆ ಹಾಕಿಕೊಂಡಳು. ಸಿಹಿ. ಶುಂಠಿ. ಹದವಾದ ಲವಂಗ. ಆಮೇಲೆ, ಎಲ್ಲದರ ಅಡಿಯಲ್ಲಿ, ಕೂದಲೆಳೆಯಷ್ಟು ತೆಳುವಾದ ಒಂದು ಕಮಟು... ಹೊಸ್ತಿಲಲ್ಲಿದ್ದವಳಿಗೆ ಅದು ಇನ್ನೂ ಮುಟ್ಟಿರಲಿಲ್ಲ. ಮಸಾಲೆಯ ಘಮ ಎಲ್ಲವನ್ನೂ ಮುಚ್ಚಿತ್ತು.

“ಇವರನ್ನೇನು ಕೇಳ್ತೀಯಮ್ಮ, ಚೆನ್ನಾಗಿದೆ ಅಂತಾರೆ,” ಎಂದು ನಾದಿನಿ ನಕ್ಕಳು.

ಯಂತ್ರ ಯಾವಾಗಲೋ ನಿಂತಿತ್ತು. ಗಂಡ ತಂಗಿಯ ಹಿಂದೆ ಬಂದು ನಿಂತು, ಕಣ್ಣಲ್ಲೇ ಬೇಡಿಕೊಂಡು, ಪಿಸುಗುಟ್ಟಿದ: “ಚೆನ್ನಾಗಿದೆ ಅಂದುಬಿಡು ಮಾರಾಯ್ತಿ, ಇವತ್ತಿಗೆ ಜಗಳ ಮುಗಿಯಲಿ...”

ಚೆನ್ನಾಗಿಲ್ಲ ಎಂದರೆ ಬಾಣಲೆ ಹೋಗುತ್ತದೆಯೇ? ಚೆನ್ನಾಗಿದೆ ಎಂದರೆ ಬಾಣಲೆಯಷ್ಟೂ ಕಹಿಯಾಗುತ್ತದೆ. ಅತ್ತೆ ಅವಳ ಮುಖವನ್ನೇ ನೋಡುತ್ತಿದ್ದರು. ಅಲ್ಲಿ ಬೈಗುಳವಿರಲಿಲ್ಲ, ಪರೀಕ್ಷೆಯಿರಲಿಲ್ಲ. ಕತ್ತಲಲ್ಲಿ ಮೆಟ್ಟಿಲು ಇಳಿಯುವವರು ಪಕ್ಕದವರ ಕೈಗೆ ತಡಕುವಂಥ ನೋಟವಷ್ಟೇ ಇತ್ತು.

ಅವಳು ಒರೆಸುವ ಬಟ್ಟೆಯನ್ನು ಅತ್ತೆಯ ಕೈಗೆ ತುರುಕಿದಳು. ಬಂದಾಗಿನಿಂದ ಈ ಮನೆಯಲ್ಲಿ ಯಾರೂ ಕೇಳಿರದಷ್ಟು ಗಟ್ಟಿಯಾದ ದನಿಯಲ್ಲಿ ಹೇಳಿದಳು:

“ಚೆನ್ನಾಗಿಲ್ಲ ಅತ್ತೆ! ತಳ ಹಿಡೀತಾ ಇದೆ, ಈಗಲೇ ಇಳಿಸಿ!”

ಅತ್ತೆಯ ಎರಡೂ ಕೈ ಆಗಲೇ ಬಾಣಲೆಯ ಹಿಡಿಗಳ ಮೇಲಿದ್ದವು.