ಅವನ ಬೆನ್ನು, ಅವಳ ಕೈ

ಅವಳ ಕೈ ತಾಕುವ ಮೊದಲೇ ಅವನು ಮತ್ತೆ ಕೊಸರಿಕೊಂಡ.

ಕಿಡಿ ತನ್ನ ಸುತ್ತು ಮುಗಿಸಿ ಬಂದು, ಮುಂದೆ ಬಗ್ಗಿ ಕಾದಿರುವ, ತಂಡದವರೆಲ್ಲ ಒಂಟೆ ಎಂದು ಕರೆಯುವ ಅವನ ಸೊಂಟಕ್ಕೆ ಎರಡೂ ಅಂಗೈ ಊರಿ ತಳ್ಳಬೇಕಿತ್ತು. ಗಂಡು ಹೆಣ್ಣು ಸೇರಿ ಆಡುವ ಐಸ್ ಸ್ಕೇಟಿಂಗಿನ ಮಿಶ್ರ ರಿಲೇ ನಡೆಯುವುದೇ ಹಾಗೆ. ಜಾರಿ ದಣಿದವಳ ವೇಗವೆಲ್ಲ ಆ ಒಂದು ತಳ್ಳಿನಲ್ಲಿ ಮುಂದಿನವನ ಮೈಗೆ ದಾಟಬೇಕು. ಆದರೆ ಅವನ ಬೆನ್ನು ಮುಟ್ಟಿದರೆ ಮುನಿಯ ಹಾಗೆ ಮುದುಡಿತು. ವೇಗ ಗಾಳಿಪಾಲಾಯಿತು. ಅವಳು ಐಸಿನ ಮೇಲೆ ಹಾಗೇ ಜಾರುತ್ತಾ ಹೋಗಿ ಗೋಡೆಯ ಮೆತ್ತೆಗೆ ಒರಗಿ ನಿಂತಳು.

ವಿಶ್ವ ಚಾಂಪಿಯನ್‌ಷಿಪ್ಪಿನ ಕೊನೆಯ ದಿನದ ಬೆಳಗಿನ ಅಭ್ಯಾಸ ಅದು. ಎಲ್ಲರ ಕಣ್ಣ ಕೆಳಗೂ ಕಪ್ಪು. ದೇಶದೇಶಗಳ ಬಾವುಟಗಳು ಛಾವಣಿಯಿಂದ, ಒಣಹಾಕಿ ಮರೆತ ಬಟ್ಟೆಗಳಂತೆ ಜೋತುಬಿದ್ದಿದ್ದವು. ಇನ್ನು ಮಧ್ಯಾಹ್ನದ ಫೈನಲ್ ಒಂದೇ ಬಾಕಿ.

ಗಿಡ್ಡ ಮೈಯವರೇ ಮೆರೆಯುವ ಈ ಆಟದಲ್ಲಿ ಅವನೊಬ್ಬ ಉದ್ದ ಕಾಲಿನವನು, ಅದಕ್ಕೇ ಒಂಟೆ. ಅವಳಿಗೆ ಕಿಡಿ ಎಂದು ಹೆಸರಿಟ್ಟವನು ಅವನೇ. ತರಬೇತಿಯ ಮೊದಲ ವಾರ ಹುಡುಗಿಯರ ಹಾಸ್ಟೆಲಿನಲ್ಲಿ ಬಿಸಿನೀರು ನಿಂತಾಗ ಇವಳು ಬಕೆಟ್ ಹಿಡಿದು ಮ್ಯಾನೇಜರ್ ಕೋಣೆಗೆ ನುಗ್ಗಿ, ಪದಕ ಬೇಕೆನ್ನುವವರು ಮೊದಲು ಎರಡು ತಂಬಿಗೆ ನೀರು ಕಾಯಿಸಿ ಕೊಡಲಿ ಎಂದಿದ್ದಳು. ಅಂದಿನಿಂದ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿನ ಮೇಲೆ ಅವನ ಬ್ಯಾಗು ಅವಳಿಗಾಗಿ ಕಾದಿರುತ್ತಿತ್ತು. ಅವಳು ಅವನ ತೋಳಿಗೆ ಒರಗಿ ನಿದ್ದೆಹೋದರೆ, ತೋಳು ಜೋಮು ಹಿಡಿದರೂ ಅವನು ಮಿಸುಕುತ್ತಿರಲಿಲ್ಲ.

ಈಚೆಗೆ ಆ ಬ್ಯಾಗೂ ಇಲ್ಲ, ತೋಳೂ ಇಲ್ಲ. ಬಸ್ಸಿನ ಕೊನೆಯಲ್ಲಿ ಕಂಬಿ ಹಿಡಿದು ನಿಂತೇ ಬರುತ್ತಿದ್ದ. ಅವಳು ಕಂಡರೆ ಫೋನಿನೊಳಗೆ ಮುಖ ಹುದುಗಿಸುತ್ತಿದ್ದ. ಈಗ ಅವಳ ಕೈಯೂ ಬೇಡವಾಯಿತೆಂದಮೇಲೆ ಕೇಳುವುದೇನು? ಮನಸ್ಸು ತಿರುಗಿದೆ, ಅಷ್ಟೆ ಎಂದು ಕಿಡಿ ತೀರ್ಮಾನಿಸಿಬಿಟ್ಟಿದ್ದಳು. ಅವಳ ಅಮ್ಮ ಬಸ್ ಡಿಪೋದ ಟಿಕೆಟ್ ಕಿಟಕಿಯಲ್ಲಿ ಕೂತು ಊರೆಲ್ಲರ ಮುಖ ಓದಿದವಳು. ಬೆಳಗ್ಗೆ ಫೋನಿನಲ್ಲಿ ಮಗಳ ದನಿ ಕೇಳಿದೊಡನೆ ವಿಷಯ ಹಿಡಿದಳು.

"ಮಾತಾಡೋನು ಮಾತು ಬಿಟ್ಟ ಅಂದ್ರೆ ಒಂದೋ ತಪ್ಪು ಮಾಡಿರ್ತಾನೆ, ಇಲ್ಲ ನೋವು ತಿಂತಿರ್ತಾನೆ. ಯಾವುದು ಅಂತ ಕೇಳೋಕೆ ಬಾಯಿಲ್ವಾ ನಿನಗೆ? ಬೇರೆ ಎಲ್ಲದಕ್ಕೂ ಇದೆಯಲ್ಲ."

ಕೇಳಿಯೇಬಿಡೋಣ ಎಂದು ಅವಳು ಬೂಟು ಒಣಗಿಸುವ ಕೋಣೆಗೆ ಹೋದಳು.

ಒದ್ದೆ ತೊಗಲಿನ ವಾಸನೆ, ಬಿಸಿಗಾಳಿಯ ಕೊಳವೆಗಳ ಗುಂಯ್ ಸದ್ದು. ಒಂಟೆ ಒಬ್ಬನೇ ಬೆಂಚಿನ ಮೇಲೆ ಕೋಲು ನುಂಗಿದವನಂತೆ ನೆಟ್ಟಗೆ ಕೂತಿದ್ದ. ಬೂಟು ಕಾಲಿಗೇರಿತ್ತು, ಲೇಸು ನೆಲದ ಮೇಲೆ ಬಿದ್ದಿತ್ತು. ಬಾವಿಗೆ ಬಿದ್ದ ಹಗ್ಗವನ್ನು ನೋಡುವಂತೆ ಅವನು ಅದನ್ನೇ ನೋಡುತ್ತಿದ್ದ.

"ನನ್ನ ಕೈ ಅಷ್ಟು ಅಸಹ್ಯ ಆಯ್ತಾ ನಿನಗೆ?" ಎಂದಳು ಕಿಡಿ.

ಅವನು ತಲೆ ಎತ್ತಿದ. ತುಂಬಾ ದಿನಗಳ ಮೇಲೆ ಅವಳ ಕಣ್ಣನ್ನೇ ನೋಡಿದ. "ಈ ಲೇಸು ಸ್ವಲ್ಪ ಕಟ್ತೀಯಾ?"

ಜಗಳಕ್ಕೆಂದು ತಂದ ಮಾತುಗಳೆಲ್ಲ ಅವಳ ಬಾಯಲ್ಲೇ ಕರಗಿದವು. ಬಗ್ಗಲಾಗದವನು ರಿಲೇಗೆ ಬಗ್ಗಿ ನಿಲ್ಲುತ್ತಿದ್ದಾನೆ. ಅವಳು ಮೊಣಕಾಲೂರಿ ಕೂತು ಲೇಸು ಎಳೆಯತೊಡಗಿದಳು. ಅವನು ಒಂದೊಂದೇ ಹೇಳಿದ. ಬೆನ್ನುಮೂಳೆಯ ಡಿಸ್ಕ್ ಜಾರಿ ನರ ಒತ್ತುತ್ತಿದೆ. ಎಡಗಾಲಿನ ಬೆರಳುಗಳಿಗೆ ಸ್ಪರ್ಶವೇ ಇಲ್ಲ. ಸ್ಕ್ಯಾನ್ ನೋಡಿದ ಆಸ್ಪತ್ರೆಯ ಡಾಕ್ಟರು, ಇನ್ನೊಂದು ಬಲವಾದ ಪೆಟ್ಟು ಬಿದ್ದರೆ ಕಾಲು ಮಾತು ಕೇಳದೆ ಹೋಗಬಹುದು ಎಂದಿದ್ದರು. ತಂಡದ ಡಾಕ್ಟರು ದಿನಾ ಬೆಳಗ್ಗೆ ಇಂಜೆಕ್ಷನ್ ಚುಚ್ಚುತ್ತಿದ್ದಾರೆ.

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ತಳ್ಳಲ್ಲ. ಸುಳ್ಳು ಹೇಳೋಣ ಅಂದ್ರೆ ಮೂತಿ ನೋಡೇ ಹಿಡೀತೀಯ. ಅದಕ್ಕೆ ಎದುರಿಗೇ ಬರ್ಲಿಲ್ಲ."

ಅವಳು ಗಂಟು ಬಿಗಿದಳು. ಕಣ್ಣೀರು ಬೂಟಿನ ಮೇಲೆ ಬೀಳದಿರಲೆಂದು ತಲೆ ಎತ್ತಲಿಲ್ಲ.

"ಮೇಲಿಂದ ನೋಡಿದ್ರೆ ನಿನ್ನ ಬೈತಲೆ ಸೊಟ್ಟ," ಎಂದ ಅವನು ಮೆಲ್ಲಗೆ.

"ಒಂಟೆಗೆ ಊರೆಲ್ಲರ ಬೈತಲೆನೂ ಕಾಣುತ್ತೆ. ಕಾಲು ಆಡಿಸ್ಬೇಡ."

ಅವನು ನಕ್ಕ, ನಗು ಅರ್ಧಕ್ಕೇ ನಿಂತಿತು. ಆಮೇಲೆ ಹೇಳಿದ್ದು ಇಷ್ಟೆ: ಅವಳ ಮೊಣಕಾಲು ಸವೆದಿದೆ, ಇದು ಅವಳ ಕೊನೆಯ ಸೀಸನ್, ಪದಕ ಅನ್ನುವುದು ಪ್ರತಿ ಸಲ ಅವಳ ಕೈಗೆ ಬಂದು ಬಾಯಿಗೆ ಬಂದಿಲ್ಲ. "ನಿನ್ನ ಕೊರಳಲ್ಲಿ ಒಂದು ನೋಡ್ಬೇಕು ನಾನು. ಇವತ್ತು ಗಟ್ಟಿಯಾಗಿ ತಳ್ಳು. ಇನ್ನೇನೂ ಕೇಳಲ್ಲ."

ಅವಳಿಗೂ ಆಸೆ ಇರಲಿಲ್ಲವೆಂದಲ್ಲ. ಹುಡುಗಿಯಾಗಿದ್ದಾಗಿನಿಂದ ಹೊಟ್ಟೆಯೊಳಗೆ ಒಲೆಯಂತೆ ಉರಿದ ಆಸೆ ಅದು. ಆದರೂ ಅವಳು ಎದ್ದು ನೇರ ಮ್ಯಾನೇಜರ್ ಬಳಿ ಹೋದಳು.

ಮ್ಯಾನೇಜರ್ ಸಾಹೇಬರು ಪ್ರಾಯೋಜಕರ ಜೊತೆ ಫೋಟೋಕ್ಕೆ ನಿಂತಿದ್ದರು. ಬದಲಿ ಹುಡುಗ ಬೆಂಚಿನ ಮೇಲೆ ಸುಮ್ಮನೆ ಕೂತಿದ್ದಾನಲ್ಲ, ಅವನನ್ನು ಇಳಿಸಿ ಎಂದು ಅವಳು ಬೇಡಿಕೊಂಡಳು. ಅವನು ಹೊಸಬ, ನಿಧಾನ, ಎಂದರು ಅವರು. ನೋವೆಲ್ಲ ಮನಸ್ಸಿನದು ಎಂದರು. ಟೀವಿ ಮುಂದೆ ಕೂತಿರುವ ಜನರ ಬಗ್ಗೆ ಹೇಳಿದರು. ಕೊನೆಗೆ ಅವಳ ಭುಜ ತಟ್ಟಿದರು.

"ಅವನ ಬೆನ್ನು ಈಗ ಅವನೊಬ್ಬನದಲ್ಲ ಕಣಮ್ಮಾ, ದೇಶದ್ದು."

"ನಾಳೆ ಅವನಿಗೆ ಎದ್ದೇಳೋಕಾಗದಿದ್ರೆ ದೇಶ ಬಂದು ಎತ್ತುತ್ತಾ ಸರ್?"

ಅಷ್ಟರಲ್ಲಿ ಅವರಿಗೆ ಫೋನ್ ಬಂತು. ಕೆಲವರ ದೇಶಪ್ರೇಮ ಹೀಗೆಯೇ: ಯಾವಾಗಲೂ ಬೇರೆಯವರ ಮೂಳೆಯ ಮೇಲೆ ನಿಂತೇ ಬಾವುಟ ಬೀಸುತ್ತದೆ. ಪದಕ ಕೊರಳಿಗೆ ಬಿದ್ದರೆ ಫೋಟೋದಲ್ಲಿ ಎಲ್ಲರಿಗೂ ಜಾಗವುಂಟು. ಬೆನ್ನು ಮುರಿದ ಮೇಲೆ ಆಸ್ಪತ್ರೆಯ ಹಾಸಿಗೆಯ ಪಕ್ಕ ಒಂದೇ ಸ್ಟೂಲು.

ಫೈನಲ್‌ಗೆ ನಾಲ್ಕು ತಂಡಗಳು. ಪ್ರತಿಯೊಬ್ಬರಿಗೂ ಎರಡು ಸರದಿ. ಕಿಡಿಯ ಬೆನ್ನಿಗೇ ಒಂಟೆ.

ಮೊದಲ ಸರದಿಯಲ್ಲಿ ಅವಳು ಅವನು ಕೇಳಿದ್ದನ್ನು ಕೊಟ್ಟಳು. ಎರಡೂ ಕೈ ಊರಿ ತಳ್ಳಿದಳು. ತೆಳು ಉಡುಪಿನ ಕೆಳಗೆ ಅವನ ಸೊಂಟ ಹಲಗೆಯಂತೆ ಬಿಗಿದಿತ್ತು. ಆ ಹಲಗೆಯ ಒಳಗಿಂದ ಒಂದು ನಡುಕ ಅವಳ ಅಂಗೈಗೆ ಬಂತು. ಅವನು ನುಂಗಿಕೊಂಡ ಸದ್ದು ಅವಳೊಬ್ಬಳಿಗೆ ಕೇಳಿಸಿತು. ಆದರೂ ಹೋದ. ತಿರುವಿನಲ್ಲಿ ಒಬ್ಬನನ್ನು ಹಿಂದೆ ಹಾಕಿದ. ತಂಡ ಎರಡನೆಯ ಸ್ಥಾನಕ್ಕೆ ಬಂತು, ಸ್ಟೇಡಿಯಂ ಎದ್ದು ನಿಂತಿತು.

ಸರದಿ ಮುಗಿಸಿ ಅವನು ಒಳಗಿನ ಐಸಿಗೆ ಜಾರಿ ಬಂದಾಗ ಎಡಗಾಲು ಎಳೆದುಕೊಂಡು ಬರುತ್ತಿತ್ತು. ಮುಖ ಸುಣ್ಣ. ಅವಳನ್ನು ಕಂಡೊಡನೆ ಹೆಬ್ಬೆರಳು ಎತ್ತಿ ತೋರಿಸಿದ, ಚೆನ್ನಾಗಿ ತಳ್ಳಿದೆ ಎಂಬಂತೆ.

ಆ ಹೆಬ್ಬೆರಳು ಅವಳ ಎದೆ ಒಡೆಯಿತು.

ಎರಡನೆಯ ಸರದಿಯಲ್ಲಿ ಕಿಡಿ ತನ್ನ ಜನ್ಮದಲ್ಲೇ ಜಾರದಷ್ಟು ಚೆನ್ನಾಗಿ ಜಾರಿದಳು. ಮೊದಲನೆಯವಳ ನೆರಳು ತುಳಿಯುತ್ತಾ ಬಂದಳು. ಎದುರಿಗೆ ಅವನು ಬಗ್ಗಿ ನಿಂತಿದ್ದ, ಬೆನ್ನನ್ನು ಅವಳಿಗೊಪ್ಪಿಸಿ. ಈ ಸಲ ಮುದುಡಲಿಲ್ಲ. ನಿಯಮ ಕೇಳುವುದು ಸ್ಪರ್ಶವನ್ನು ಮಾತ್ರ. ತಳ್ಳುವುದೆಲ್ಲ ಗೆಲ್ಲುವ ಆಸೆಯ ಸೇರ್ಪಡೆ. ಅವಳು ಒಂದು ಕೈ ಹಿಂದೆ ತೆಗೆದುಕೊಂಡಳು. ಇನ್ನೊಂದನ್ನು, ಮಲಗಿದ ಮಗುವಿನ ಹಣೆಯಲ್ಲಿ ಜ್ವರ ನೋಡುವವರ ಹಾಗೆ, ಅವನ ಬೆನ್ನ ಮೇಲೆ ಇಟ್ಟು ತೆಗೆದಳು.

ಅವನು ಒಂದು ಗಳಿಗೆ ತಳ್ಳಿಗಾಗಿ ಕಾದ. ಅದು ಬರಲಿಲ್ಲ. ಅವನು ನಿಂತಲ್ಲಿಂದ ಹೊರಡುವಷ್ಟರಲ್ಲಿ ಒಬ್ಬ ದಾಟಿದ, ಇನ್ನೊಬ್ಬ ದಾಟಿದ. ತಂಡ ಕೊನೆಯದಾಗಿ ಮುಗಿಸಿತು.

ಮ್ಯಾನೇಜರ್ ಕಾರಿಡಾರಿನಲ್ಲೇ ಅವಳನ್ನು ತಡೆದು, ದ್ರೋಹ ಎಂಬ ಮಾತನ್ನು ಬಾಯಿತುಂಬ ಬಳಸಿದರು. ಇನ್ನು ಮುಂದೆ ತಂಡದ ಉಡುಪು ಅವಳ ಮೈಮೇಲೆ ಕಾಣಬಾರದು ಎಂದರು. ಒಂಟೆಗೂ ಅದೇ ಗತಿ ಎಂದರು.

"ಮುಟ್ಟಿದೀನಿ ಸರ್," ಎಂದಳು ಅವಳು. ಜಗಳಕ್ಕೂ ಶಕ್ತಿ ಉಳಿದಿರಲಿಲ್ಲ.

ಮ್ಯಾನೇಜರಿಗಿಂತ ಅವನನ್ನು ಎದುರಿಸುವುದೇ ಕಷ್ಟವಾಯಿತು. ಅವನು ಗೋಡೆಗೊರಗಿ ನಿಂತಿದ್ದ. ಕೂರಲು ಆಗುತ್ತಿರಲಿಲ್ಲ. ಇಡೀ ಜೀವನದಲ್ಲಿ ಅವಳ ಹತ್ತಿರ ಕೇಳಿದ್ದು ಒಂದೇ, ಅದನ್ನೂ ಕೊಡಲಿಲ್ಲ ಎಂದು, ದನಿ ಏರಿಸದೆಯೇ ಹೇಳಿದ.

"ನಿನಗೆ ಪದಕ ಬೇಡವಾಗಿತ್ತಾ?"

"ಬೇಕಿತ್ತು. ಈಗಲೂ ಬೇಕು. ಹೊಟ್ಟೆ ಉರೀತಿದೆ."

"ಮತ್ತೆ?"

"ಪದಕ ಆದ್ರೆ ಗೋಡೆಗೆ ತೂಗುಹಾಕ್ಬೋದು. ನಿನ್ನ ಎಲ್ಲಿ ತೂಗುಹಾಕ್ಲಿ ನಾನು?"

ಅವನಿಗೆ ನಗು ಬಂತು. ನಕ್ಕರೆ ಬೆನ್ನು ಹಿಡಿಯಿತು. ನೋವಿಗೆ ಕಣ್ಣಲ್ಲಿ ನೀರು ಬಂತು, ಆ ನೀರು ನೋವು ಇಳಿದ ಮೇಲೂ ನಿಲ್ಲಲಿಲ್ಲ. ಅವಳು ತನ್ನ ತೋಳಿನಿಂದಲೇ ಅವನ ಮುಖ ಒರೆಸಿದಳು. ಅಷ್ಟೆತ್ತರಕ್ಕೆ ತುದಿಗಾಲಿನಲ್ಲಿ ನಿಲ್ಲಬೇಕಾಯಿತು.

ಆಸ್ಪತ್ರೆಗೆ ಹೊರಟ ವ್ಯಾನಿನ ಹಿಂದಿನ ಸೀಟಿನಲ್ಲಿ ಅವನನ್ನು ಉದ್ದಕ್ಕೆ ಮಲಗಿಸಿದರು. ಉದ್ದ ಸಾಲದೆ ಕಾಲುಗಳು ಹೊರಚಾಚಿದವು. ಅವಳು ಕೆಳಗೆ, ಬೂಟು ಬ್ಯಾಗುಗಳ ನಡುವೆ, ಅವನ ತಲೆಯ ಪಕ್ಕ ಕೂತಳು. ಅವನು ಕಣ್ಣು ಮುಚ್ಚಿಕೊಂಡೇ ಕೇಳಿದ.

"ನಾಳೆಯಿಂದ ನನಗೆ ಕೆಲಸ ಇಲ್ಲ. ನಿನಗೂ ಇಲ್ಲ. ಅಂಥವರು ಮದುವೆ ಆಗ್ಬೋದಾ?"

"ಮೊದಲು ನೆಟ್ಟಗೆ ನಡಿ. ಆಮೇಲೆ ಕೇಳು."

"ನಡೆಯೋಕಾಗದಿದ್ರೆ?"

ಅವಳು ಅವನ ಹಣೆಗೆ ಅಂಟಿದ ಕೂದಲನ್ನು ಬಿಡಿಸಿ ಹಿಂದಕ್ಕೆ ಸರಿಸಿದಳು. "ಆಗ ಮಲಗಿದಲ್ಲಿಂದಲೇ ಕೇಳು. ನನಗೇನು ಕಿವಿ ಕೇಳ್ಸಲ್ವಾ?"

ಬೇಗ ತಲುಪಿಸಬೇಕೆ ಎಂದು ಡ್ರೈವರ್ ಕನ್ನಡಿಯಲ್ಲಿ ನೋಡಿ ಕೇಳಿದ.

"ಬೇಡ ಅಣ್ಣಾ, ನಿಧಾನಕ್ಕೇ ಹೋಗಿ. ಗುಂಡಿ ಇದ್ದ ಕಡೆ ಇನ್ನೂ ನಿಧಾನ."

ಹಿಂದಿನಿಂದ ಹಾರ್ನುಗಳು ಕೂಗಿದವು. ಒಂದೊಂದೇ ಗಾಡಿ ಅವರನ್ನು ದಾಟಿ ಮುಂದೆ ಹೋಯಿತು. ಇಬ್ಬರೂ ಎಣಿಸಲಿಲ್ಲ.