ಬೆಳ್ಳಿಗೆ ಮೈಲಿಗೆಯಿಲ್ಲ

ವೆಂಕಟಾಚಲನ ಹೊಟ್ಟೆಕಿಚ್ಚು ಸಾಮಾನ್ಯರ ಹೊಟ್ಟೆಕಿಚ್ಚಲ್ಲ. ಅರವತ್ತರ ದಶಕದ ಆ ಮೊದಲ ವರ್ಷಗಳಲ್ಲಿ ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಸಂಜೆಯಾದರೆ ನರಿ ಕೂಗುತ್ತಿತ್ತು, ಚಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು. ಆದರೆ ಅವನ ಮನೆಯ ಮುಂದೆ ಹಾದುಹೋಗುವವರಿಗೆ ಮಾತ್ರ ಶಾಲು ಬೇಕಾಗುತ್ತಿರಲಿಲ್ಲ. ಆ ಕಿಚ್ಚನ್ನು ಒಂದೇ ಒಂದು ದಿನ ಒಲೆಗೆ ಹಚ್ಚಿದ್ದರೆ ಇಡೀ ಬಡಾವಣೆಯ ಮದುವೆ ಮುಂಜಿಗಳಿಗೆ ಸೌದೆಯ ಖರ್ಚು ಉಳಿಯುತ್ತಿತ್ತು. ಅದಕ್ಕೆ ತುಪ್ಪ ಸುರಿಯುತ್ತಿದ್ದವನು ಎರಡು ರಸ್ತೆಯಾಚೆ ಮನೆ ಕಟ್ಟಿಸಿಕೊಂಡಿದ್ದ ಷಡ್ಡಕ ಗುಂಡಣ್ಣ, ಎಂದರೆ ಹೆಂಡತಿ ವಿಮಲಾಳ ತಂಗಿ ಕಾತ್ಯಾಯಿನಿಯ ಗಂಡ.

ವೆಂಕಟಾಚಲ ಮನೆಗೆ ಕೆಂಪು ಗಾರೆ ಹಾಕಿಸಿದ ತಿಂಗಳಿಗೆ ಗುಂಡಣ್ಣ ಮೊಸಾಯಿಕ್ ಹಾಕಿಸಿದ. ಇವನು ರೇಡಿಯೋ ತಂದರೆ ಅವನು ರೇಡಿಯೋಗ್ರಾಂ ಎಂಬ ಹಾಡುವ ಬೀರುವನ್ನೇ ತಂದ. ಇವನ ತೆಂಗಿನ ಸಸಿ ಇನ್ನೂ ಮೊಣಕಾಲು ಮುಟ್ಟಿರಲಿಲ್ಲ, ಅವನದು ಆಗಲೇ ಆಕಾಶಕ್ಕೆ ತೂತು ಹಾಕಿತ್ತು. ಅಕ್ಕತಂಗಿಯರ ನಡುವೆ ಡಬ್ಬ ಬಟ್ಟಲುಗಳು ದಿನವೂ ಓಡಾಡುತ್ತಿದ್ದುದರಿಂದ, ತನ್ನ ಮನೆಯ ಒಂದು ಚಮಚವೂ ದಾರಿ ತಪ್ಪಿ ಆ ಮನೆಯಲ್ಲಿ ನೆಲೆಸಬಾರದೆಂದು ವೆಂಕಟಾಚಲ ಪಾತ್ರೆಗೆ ಹೆಸರು ಹಾಕುವವನನ್ನು ಕರೆಸಿ ಜಗಲಿಯ ಮೇಲೆ ಕೂರಿಸಿದ. "ದಪ್ಪಕ್ಷರದಲ್ಲಿ ಹಾಕಪ್ಪಾ, ಬೋರಲು ಹಾಕಿದ್ರೆ ರಸ್ತೇಲಿ ಹೋಗೋರಿಗೂ ಕಾಣ್ಬೇಕು" ಎಂದ. ಸೌಟು, ಜಾಲರಿ, ಒಗ್ಗರಣೆ ಹುಟ್ಟು ಯಾವುದನ್ನೂ ಬಿಡಲಿಲ್ಲ. ಬೆಕ್ಕಿಗೆ ಹಾಲು ಹಾಕುವ ತಟ್ಟೆಗೂ ಹೆಸರು ಬಿತ್ತು. ಬೆಕ್ಕು ತಾನಾಗಿಯೇ ಓಡಿಹೋದ್ದರಿಂದ ಪಾರಾಯಿತು.

ಇದೆಲ್ಲ ಸಹಿಸಬಹುದಿತ್ತು. ಆದರೆ ಅತ್ತೆ ಲಕ್ಷ್ಮಿದೇವಮ್ಮ ಬಸವನಗುಡಿಯ ಬಾಡಿಗೆ ಮನೆ ಬಿಟ್ಟು ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳ ಮನೆಗೆ ಬರುವುದಾಗಿ ಸಾರಿದರು. ಆಕೆ ಎಂಥವರೆಂದರೆ, ಅವರು ಹುಳಿಗೆ ಒಗ್ಗರಣೆ ಕೊಟ್ಟರೆ ಲಾಲ್‌ಬಾಗಿನಲ್ಲಿ ಗಾಳಿ ತಿನ್ನುತ್ತಿದ್ದವರು ದಾರಿ ತಪ್ಪುತ್ತಿದ್ದರು. ನೆಂಟರಲ್ಲಿ ಒಂದು ಮದುವೆಯೂ ಅವರು ತಲೆಯಾಡಿಸದೆ ನಡೆದದ್ದಿಲ್ಲ. ಅವರು ಯಾರ ಮನೆಯಲ್ಲಿ ಮಣೆ ಹಾಕಿ ಕೂರುತ್ತಾರೋ ಯಜಮಾನಿಕೆಯೂ ಅಲ್ಲೇ ಕೂರುತ್ತದೆ. ಹಿರಿಯಳಿಯನಾಗಿ ಮೊದಲ ಎಲೆ, ಮೊದಲ ಮಾತು ಇಷ್ಟು ವರ್ಷ ವೆಂಕಟಾಚಲನವೇ ಆಗಿದ್ದವು. ಆಕೆ ಗುಂಡಣ್ಣನ ಮೊಸಾಯಿಕ್ ತುಳಿದರೆ ಅವೆಲ್ಲ ಮುಗಿದಂತೆಯೇ. ವೆಂಕಟಾಚಲ ಆಗಲೇ ಬೀದಿಯ ಕಡೆಯ ಕೋಣೆಗೆ ಸುಣ್ಣ ಬಳಿಸಿ, ಆಕೆಯ ತುಳಸಿಗೆ ಕಟ್ಟೆಯನ್ನೂ ಕಟ್ಟಿಸಿದ್ದ.

ಲಕ್ಷ್ಮಿದೇವಮ್ಮ ಮಾತ್ರ ಅವಸರ ಪಡಲಿಲ್ಲ. "ಬೇಸಿಗೆ ರಜದಲ್ಲಿ ಎಲ್ಲರೂ ಸೇರಿ ಕನ್ನಂಬಾಡಿಗೆ ಹೋಗ್ಬರೋಣ. ಮಕ್ಕಳು ಬೃಂದಾವನದ ಕಾರಂಜಿ ನೋಡಿಲ್ಲ. ಬಂದ್ಮೇಲೆ ಹೇಳ್ತೀನಿ ಯಾರ ಮನೇಲಿ ಇರ್ತೀನಿ ಅಂತ. ಎಲ್ಲಿ ಇಳ್ಕೊಳೋದು ಅಂತ ಅಳಿಯಂದಿರು ನೋಡಿ ಹೇಳಿ" ಎಂದರು.

ವೆಂಕಟಾಚಲ ಈ ಪರೀಕ್ಷೆಗೆ ಕೂತಷ್ಟು ಶ್ರದ್ಧೆಯಿಂದ ಇಂಟರ್‌ಮೀಡಿಯಟ್‌ಗೆ ಕೂತಿರಲಿಲ್ಲ. ಊರಿನ ಅರ್ಧ ಜನರನ್ನು ವಿಚಾರಿಸಿ, ಮೈಸೂರಿನ ಹೋಟೆಲುಗಳನ್ನೆಲ್ಲ ಜಾಲಿಸಿ, ಕೊನೆಗೆ 'ಚಾಮರಾಜ ಭವನ'ವನ್ನು ಆರಿಸಿ ಜಗಲಿಯ ಸಭೆಯ ಮುಂದಿಟ್ಟ. ಹಂಡೆ ತುಂಬ ಬಿಸಿನೀರು, ಮಡಿಯ ಅಡಿಗೆ, ಬಾಗಿಲಲ್ಲೇ ಬಸ್ಸು.

ಗುಂಡಣ್ಣ ಎಲೆಯಡಿಕೆ ಜಗಿಯುತ್ತ ನಕ್ಕ. "ಷಡ್ಡಕರೇ, ಬಿಸಿನೀರು ಹಂಡೆ ಜಯನಗರದಲ್ಲೇ ಇಲ್ವೇ? ಅದಕ್ಕೆ ಮೈಸೂರಿಗೆ ಹೋಗ್ಬೇಕೇ? 'ಕಾರಂಜಿ ವಿಲಾಸ' ನೋಡ್ಬೇಕು ನೀವು. ಬೃಂದಾವನಕ್ಕೆ ಎದುರಿಗೇ ಇದೆ. ಮಂಚದ ಮೇಲೆ ಮಲಗಿದ್ರೆ ಕಾರಂಜಿ ಹನಿ ಮೂಗಿನ ಮೇಲೆ ಬೀಳತ್ತೆ. ಪ್ರತಿ ರೂಮಿಗೂ ಬಾಲ್ಕನಿ, ಕಾಲಿಟ್ರೆ ಹೂತ್ಹೋಗೋ ಜಮಖಾನ, ಮಲಗಿ ಸ್ನಾನ ಮಾಡೋ ತೊಟ್ಟಿ!"

"ಮಲಗಿಸಿ ಸ್ನಾನ ಮಾಡ್ಸೋದು ಎಳೇ ಕೂಸಿಗೆ, ಇಲ್ಲಾ ಹೆಣಕ್ಕೆ" ಎಂದರು ಲಕ್ಷ್ಮಿದೇವಮ್ಮ. ವೆಂಕಟಾಚಲನ ಎದೆ ಅರಳಿತು. "ಹೋಗ್ಲಿ, ಕಂಡೋರು ಕುಡಿದ ಪಿಂಗಾಣೀಲಿ ನಾನು ಕಾಫಿ ಮುಟ್ಟೋಳಲ್ಲ."

"ಪಿಂಗಾಣಿ ಯಾಕತ್ತೆ? ಅಲ್ಲಿ ಕಾಫಿ ಕೊಡೋದೇ ಬೆಳ್ಳಿ ಪಾತ್ರೇಲಿ. ಕೆಟಲು ಬೆಳ್ಳಿ, ಲೋಟ ಬೆಳ್ಳಿ, ಹಾಲಿನ ಜಗ್ಗೂ ಬೆಳ್ಳಿ."

"ಬೆಳ್ಳಿಗೆ ಮೈಲಿಗೆ ಇಲ್ಲ," ಎಂದು ಲಕ್ಷ್ಮಿದೇವಮ್ಮ ತೀರ್ಪು ಕೊಟ್ಟರು. ಮಕ್ಕಳು ಕುಣಿದ ರಭಸಕ್ಕೆ ಜಗಲಿ ಬಿರುಕು ಬಿಟ್ಟಿತು. ಚಾಮರಾಜ ಭವನವನ್ನು ಯಾರೂ ಮತ್ತೆ ನೆನೆಯಲಿಲ್ಲ.

ಆ ಮಾತು ವೆಂಕಟಾಚಲನ ಕಿವಿಯಲ್ಲಿ ಗಂಟೆಯಂತೆ ಹೊಡೆಯುತ್ತಲೇ ಇತ್ತು. ಬೆಳ್ಳಿಯಿಂದ ಗೆದ್ದವನನ್ನು ಬೆಳ್ಳಿಯಿಂದಲೇ ಮುಳುಗಿಸಿದರೆ? ಕಾರಂಜಿ ವಿಲಾಸದ ಬೆಳ್ಳಿ ಜಗ್ಗು ಕಾಣೆಯಾಗಿ, ಅತ್ತೆಯ ಕಣ್ಣೆದುರಲ್ಲೇ ಗುಂಡಣ್ಣನ ಗಂಟಿನಲ್ಲಿ ಸಿಕ್ಕರೆ? ಕಳ್ಳ ಅಳಿಯನ ಮನೆಯಲ್ಲಿ ಲಕ್ಷ್ಮಿದೇವಮ್ಮ ನೀರೂ ಮುಟ್ಟುವವರಲ್ಲ. ಸುಣ್ಣ ಬಳಿದ ಕೋಣೆಯೇ ಗತಿ. ಇದು ಹೊಳೆದ ಕ್ಷಣ ಅವನ ಮುಖದ ಕಳೆ ಕಂಡು, ಗಂಡನಿಗೆ ಬಡ್ತಿಯಾಗಿದೆಯೆಂದು ತಿಳಿದು ವಿಮಲಾ ಪಾಯಸ ಮಾಡಿದಳು.

ಜಗತ್ತಿನಲ್ಲಿ ಕಳ್ಳರು ಸಿಕ್ಕಿಬೀಳುವುದು ಕದ್ದದ್ದನ್ನು ಇಟ್ಟುಕೊಳ್ಳಲು ಹೋಗಿ. ಇವನು ಇಟ್ಟುಕೊಳ್ಳುವವನೇ ಅಲ್ಲ, ದಾನಶೂರ ಕರ್ಣನಂತೆ ಕೊಟ್ಟುಬಿಡುವವನು. ಹಾಗೆಂದ ಮೇಲೆ ಹಿಡಿಯುವವರು ಯಾರು? ಹೋಟೆಲಿನ ಟವಲು ಕದ್ದರೆ ಮರೆವು ಎನ್ನುತ್ತಾರೆ, ಅದು ಬೇಡ. ಬೇರೆ ಅತಿಥಿಗಳ ವಾಚು ಕದ್ದರೆ ಪೊಲೀಸರು ಬಂದು ಊರೆಲ್ಲ ಕೆದಕುತ್ತಾರೆ, ಅದೂ ಬೇಡ. ಗುಂಡಣ್ಣನೇ ಬಣ್ಣಿಸಿದ್ದಂತೆ ಹಾಲಿನ ಜಗ್ಗು ಅಂಗೈಯಷ್ಟು, ಮೇಲೆ ಹೋಟೆಲಿನ ನವಿಲು ಮುದ್ರೆ. ಯಾರೂ ಮರೆತು ಒಯ್ಯುವ ವಸ್ತುವಲ್ಲ. ನೋಡಿದ ಕೂಡಲೆ ಎಲ್ಲಿಯದೆಂದು ಕುರುಡನೂ ಹೇಳುತ್ತಾನೆ.

ಉಳಿದದ್ದು ಅದನ್ನು ಇಡುವ ಜಾಗ. ಕನ್ನಂಬಾಡಿಗೆ ಬಂದಿಳಿದ ಮೇಲೆ ಅವನು ಕಾರಂಜಿಯ ಕಡೆ ಕತ್ತೆತ್ತಿಯೂ ನೋಡಲಿಲ್ಲ. ಗುಂಡಣ್ಣನ ಸಾಮಾನುಗಳನ್ನೇ ದೇವರ ಮಂಟಪದಂತೆ ಧ್ಯಾನಿಸಿದ. ಗುಂಡಣ್ಣ ಶೋಕಿಲಾಲ, ಗಳಿಗೆಗೊಂದು ಷರ್ಟಿಗಾಗಿ ಸೂಟ್‌ಕೇಸ್ ತೆಗೆಯುತ್ತಾನೆ, ಅದು ಆಗದು. ಹಾಸಿಗೆ ಸುತ್ತಿದ ಹೋಲ್ಡಾಲನ್ನು ಎಳೆದಾಡುತ್ತಾರೆ, ಅದೂ ಆಗದು. ಇನ್ನುಳಿದದ್ದು ಮಂಚದ ಕೆಳಗಿನ ತಿಂಡಿ ಬುಟ್ಟಿ. ಅದರಲ್ಲಿ ಒಂದು ಎವರ್‌ಸಿಲ್ವರ್ ಸ್ಟೀಲ್ ಡಬ್ಬ, ಮುಚ್ಚಳದವರೆಗೆ ಕೋಡುಬಳೆ. ಬಂದ ದಿನವೇ ಮಕ್ಕಳು ಅದಕ್ಕೆ ಕೈ ಹಾಕಿದಾಗ ಕಾತ್ಯಾಯಿನಿ ಪಟ್ಟೆಂದು ಹೊಡೆದಿದ್ದಳು. "ಅದನ್ನ ಮುಟ್ಬೇಡ್ರೋ, ಅದು ಬೇರೆ! ನಿಮಗೆ ಇಲ್ಲಿದೆ."

ಬಾಗಿಲಲ್ಲಿ ನಿಂತು ಅದನ್ನು ಕೇಳಿಸಿಕೊಂಡ ವೆಂಕಟಾಚಲನಿಗೆ ಸಾಕ್ಷಾತ್ ಸರಸ್ವತಿಯೇ ಬಂದು ಜಾಗ ತೋರಿಸಿದಂತಾಯಿತು. ಮಕ್ಕಳು ಮುಟ್ಟದ ಡಬ್ಬ! ತನಗಾಗಿಯೇ ಕಟ್ಟಿಸಿದ ಖಜಾನೆ!

ಎರಡನೆಯ ದಿನ ಸಂಜೆ ದೀಪ ಹತ್ತುವ ಹೊತ್ತಿಗೆ ಎಲ್ಲರೂ ಬೃಂದಾವನಕ್ಕೆ ಇಳಿದರು. ವೆಂಕಟಾಚಲ ಹೊಟ್ಟೆನೋವೆಂದು ಉಳಿದ.

"ಓಮಿನ ಕಷಾಯ ಕಾಯಿಸಿ ಕಳಿಸ್ತೀನಿ ಇರಿ" ಎಂದರು ಲಕ್ಷ್ಮಿದೇವಮ್ಮ.

"ಬೇಡಿ ಅತ್ತೆ, ನೀವು ಕಾರಂಜಿ ನೋಡಿ. ನನ್ನಿಂದ ನಿಮಗೆ ತೊಂದ್ರೆ ಆಗ್ಬಾರ್ದು."

"ಎಷ್ಟು ಒಳ್ಳೇ ಮನಸ್ಸು ಇವರದು" ಎಂದು ಆಕೆ ವಿಮಲಾಳಿಗೆ ಹೇಳುತ್ತ ಮೆಟ್ಟಿಲಿಳಿದದ್ದು ಕೇಳಿಸಿತು. ಆಗಲೇ ಅರ್ಧ ಗೆದ್ದಂತಾಯಿತು.

ಎಲ್ಲರೂ ಕುಡಿದಿಟ್ಟ ಕಾಫಿಯ ತಟ್ಟೆ ಇನ್ನೂ ಮೊಗಸಾಲೆಯಲ್ಲೇ ಇತ್ತು. ಪಂಚೆಯ ತುದಿಯಿಂದ ಹಿಡಿದು ಜಗ್ಗು ಎತ್ತಿದ. ಒಳಗಿದ್ದ ಹಾಲನ್ನು ಹೂಕುಂಡಕ್ಕೆ ಸುರಿದು, ಒರೆಸಿ, ಒಣಗಿಸಿದ. ಬೆರಳಚ್ಚಿರಲಿ, ಉಸಿರು ಕೂಡ ತಾಗದಂತೆ ಮೂಗು ಪಕ್ಕಕ್ಕೆ ತಿರುಗಿಸಿದ. ಎರಡೂ ಸಂಸಾರಗಳ ರೂಮುಗಳಿಗೆ ಬಾಲ್ಕನಿ ಒಂದೇ, ಸದ್ದಿಲ್ಲದೆ ದಾಟಿದ. ಬುಟ್ಟಿ ಎಳೆದ, ಡಬ್ಬದ ಮುಚ್ಚಳ ತೆಗೆದ. ಜಗ್ಗು ಇಳಿಯಬೇಕಾದರೆ ಜಾಗವಾಗಬೇಕು, ಹೊರಗೆ ತೆಗೆದ ಕೋಡುಬಳೆಯನ್ನು ಎಲ್ಲಿಯೂ ಬಿಸಾಡುವಂತಿಲ್ಲ, ಅದು ಸಾಕ್ಷಿ. ಬೇರೆ ದಾರಿಯಿಲ್ಲದೆ ತಿಂದ. ಹಾಳಾದದ್ದು ಎಂಥ ಗರಿಗರಿ! ಇದನ್ನು ಗುಂಡಣ್ಣ ದಿನಾ ತಿನ್ನುತ್ತಾನಲ್ಲ ಎಂದು ಹೊಟ್ಟೆ ಇನ್ನಷ್ಟು ಉರಿಯಿತು. ಆ ಉರಿಯಲ್ಲಿ ಎರಡು ಹೆಚ್ಚಾಗಿಯೇ ತಿಂದ. ಜಗ್ಗನ್ನು ಹುದುಗಿಸಿ, ಮೇಲೆ ಕೋಡುಬಳೆಯನ್ನು ಮಲ್ಲಿಗೆ ದಂಡೆ ಕಟ್ಟಿದಷ್ಟು ಒಪ್ಪವಾಗಿ ಜೋಡಿಸಿ, ಮುಚ್ಚಳ ಒರೆಸಿ, ಬುಟ್ಟಿಯನ್ನು ಇದ್ದಲ್ಲಿಗೇ ತಳ್ಳಿ ಬಂದು ಮಲಗಿದ. ಹೊಟ್ಟೆನೋವು ಆಗ ನಿಜವಾಗಿಯೇ ಬಂತು.

ಮಲಗಿಕೊಂಡೇ ಎಲ್ಲವನ್ನೂ ಮತ್ತೊಮ್ಮೆ ಜಾಲಿಸಿದ. ನೋಡಿದವರಿಲ್ಲ, ಕೇಳಿದವರಿಲ್ಲ, ಚೆಲ್ಲಿದ ಒಂದು ಪುಡಿಯೂ ಇಲ್ಲ. ಮೈಸೂರು ಸೀಮೆಯಲ್ಲಿ ಕನ್ನಂಬಾಡಿ ಕಟ್ಟೆಯಾದ ಮೇಲೆ ಇಷ್ಟು ಬಿಗಿಯಾದ ಕೆಲಸವನ್ನು ಯಾರೂ ಮಾಡಿರಲಿಲ್ಲ. ಕಟ್ಟೆಯಲ್ಲಾದರೂ ಒಂದೆರಡು ಹನಿ ಜಿನುಗುತ್ತಿತ್ತು.

ಮರುದಿನ ಬೆಳಿಗ್ಗೆ ಹೊರಡುವ ಗಡಿಬಿಡಿ. ಹೆಂಗಸರು ಬುಟ್ಟಿ ಕಟ್ಟುತ್ತಿದ್ದರು, ಗುಂಡಣ್ಣ ಬಾಡಿಗೆ ವ್ಯಾನಿನವನೊಡನೆ ಜಗಳವಾಡುತ್ತಿದ್ದ. ವೆಂಕಟಾಚಲ ಯಾರಿಗೂ ಅಡ್ಡಬಾರದೆ ಕೆಳಗಿನ ಹಜಾರದ ಮೆತ್ತನೆಯ ಕುರ್ಚಿಯಲ್ಲಿ ಕೂತು, ತನ್ನ ಜಗಲಿಯಲ್ಲಿ ಅತ್ತೆ ಅವರೆಕಾಯಿ ಸುಲಿಯುವುದನ್ನು ಕಣ್ಣಾರೆ ಕಾಣುತ್ತಿದ್ದ. ಸಾಮಾನೆಲ್ಲ ಕೆಳಗೆ ಬಂದಿತು. ಆಗ ಮ್ಯಾನೇಜರ್ ಚನ್ನಬಸವಯ್ಯ ಕೈಮುಗಿಯುತ್ತ ಬಂದ.

"ಸ್ವಾಮಿ, ತಪ್ಪು ತಿಳೀಬಾರ್ದು. ನಿಮ್ಮ ಮಹಡಿ ಕಾಫಿ ಸೆಟ್ಟಿನಲ್ಲಿ ಹಾಲಿನ ಜಗ್ಗು ಕಾಣ್ತಿಲ್ಲ. ಮಕ್ಕಳೇನಾದ್ರೂ ಆಟಕ್ಕೆ..."

ಗುಂಡಣ್ಣ ಕೆಂಪಗಾದ. "ಏನ್ರೀ ಹಂಗಂದ್ರೆ? ನಮ್ಮನ್ನ ಕಳ್ಳರು ಅಂತೀರಾ?"

ಈ ಗಳಿಗೆಗಾಗಿಯೇ ಕಾದಿದ್ದ ವೆಂಕಟಾಚಲ ಎದ್ದು ನಿಂತ. ಅವನ ದನಿಯಲ್ಲಿ ಹರಿಶ್ಚಂದ್ರನೂ ನಾಚಿಕೊಳ್ಳುವಷ್ಟು ಸತ್ಯ ತುಂಬಿತ್ತು. "ಕೋಪ ಯಾಕೆ ಗುಂಡಣ್ಣ? ಅವರ ಕೆಲಸ ಅವರು ಮಾಡ್ಲಿ. ನೋಡಿ ಸ್ವಾಮಿ, ಇಲ್ಲಿರೋ ಗಂಟೆಲ್ಲಾ ಬಿಚ್ಚಿಸಿ. ಅವರದೂ ನೋಡಿ, ನಮ್ಮದೂ ನೋಡಿ. ಯಾರ ಗಂಟಲ್ಲಿ ಸಿಗತ್ತೋ ಅವನು ಈ ಮನೆತನಕ್ಕೆ ಅಳಿಯನೇ ಅಲ್ಲ! ಏನಂತೀರಿ ಅತ್ತೆ?"

"ಅಷ್ಟೇ ಮತ್ತೆ," ಎಂದರು ಲಕ್ಷ್ಮಿದೇವಮ್ಮ. "ಅವನ ಮನೇ ಹೊಸಿಲು ನಾನು ತುಳಿಯೋಲ್ಲ."

ಗುಂಡಣ್ಣನ ಸೂಟ್‌ಕೇಸ್ ಬಿಚ್ಚಿದರು, ಷರ್ಟುಗಳು. ಹೋಲ್ಡಾಲ್ ಬಿಚ್ಚಿದರು, ದಿಂಬು, ಸೆಂಟಿನ ವಾಸನೆ. ತಿಂಡಿ ಬುಟ್ಟಿಗೆ ಬಂದಾಗ ವೆಂಕಟಾಚಲ, ಆಘಾತಪಟ್ಟ ಮುಖವನ್ನು ಸಿದ್ಧಮಾಡಿಕೊಂಡು ಮುಂದಕ್ಕೆ ಬಾಗಿದ. ಬುಟ್ಟಿಯಲ್ಲಿ ಚಟ್ನಿಪುಡಿ ಶೀಸೆ, ಒಂದು ಚಾಕು, ನಾಲ್ಕು ಬಾಳೆಹಣ್ಣು. ಡಬ್ಬ ಇರಲಿಲ್ಲ. ಸಿದ್ಧಮಾಡಿದ್ದ ಆಘಾತ ಅಪ್ಪಣೆಯಿಲ್ಲದೆಯೇ ಮುಖಕ್ಕೆ ಬಂತು. "ಇನ್ನು ತಮ್ಮದು, ಹೆಸರಿಗೆ ನೋಡ್ಬಿಡ್ತೀವಿ" ಎಂದು ಚನ್ನಬಸವಯ್ಯ ಸಂಕೋಚದಿಂದ ಅವನ ಬುಟ್ಟಿಗೆ ಕೈ ಹಾಕಿದ.

ಎಲ್ಲಕ್ಕಿಂತ ಮೇಲೆಯೇ ಕೂತಿತ್ತು ಆ ಎವರ್‌ಸಿಲ್ವರ್ ಡಬ್ಬ. ಮುಚ್ಚಳ ತೆಗೆದರೆ ಕೋಡುಬಳೆ, ಕೋಡುಬಳೆ ಸರಿಸಿದರೆ ನವಿಲು. "ಅದು ನಮ್ಮ ಡಬ್ಬಾನೇ ಅಲ್ಲ!" ಎಂದು ವೆಂಕಟಾಚಲ ಕೂಗಿದ ಕೂಗಿಗೆ ಬೃಂದಾವನದ ಕಾರಂಜಿಗಳು ಒಂದು ಗಳಿಗೆ ನಿಂತವಂತೆ. "ಗುಂಡಣ್ಣನ ಮನೇದು, ಅವರ ಬುಟ್ಟೀಲೇ ಇತ್ತು!" ಕಾತ್ಯಾಯಿನಿ ಕಣ್ಣರಳಿಸಿ, "ನಿಮ್ಮದೇ ಭಾವ. ಯುಗಾದಿಗೆ ಅಕ್ಕ ಹೋಳಿಗೆ ಕಳಿಸಿದ್ಳಲ್ಲ, ಆ ಡಬ್ಬ. ಬರೀ ಡಬ್ಬ ವಾಪಸ್ ಕೊಡ್ಬಾರ್ದು ಅಂತ ಕೋಡುಬಳೆ ತುಂಬ್ಕೊಂಡು ಬಂದಿದ್ದೆ, ಮಕ್ಕಳಿಗೂ ಮುಟ್ಟೋಕೆ ಬಿಟ್ಟಿರ್ಲಿಲ್ಲ. ಬೆಳಿಗ್ಗೆ ಅಕ್ಕನ ಬುಟ್ಟೀಲಿ ಇಟ್ಟೆ" ಎಂದಳು. ಲಕ್ಷ್ಮಿದೇವಮ್ಮ ಡಬ್ಬವನ್ನು ಎತ್ತಿ ಬೋರಲು ಹಾಕಿದರು. ಕೋಡುಬಳೆಗಳು ಉದುರಿದವು, ಜಗ್ಗು ಉರುಳಿ ಅವನ ಕಾಲ ಬಳಿಯೇ ಬಂದು ನಿಂತಿತು. ಆಕೆ ಡಬ್ಬದ ತಳವನ್ನು ಬೆಳಕಿಗೆ ಹಿಡಿದು ಹಿರಿಯಳಿಯನ ಹೆಸರನ್ನು ಒಂದೊಂದೇ ಅಕ್ಷರವಾಗಿ ಓದಿದರು. ಕನ್ನಡಕ ಬೇಕಾಗಲೇ ಇಲ್ಲ.