ಮಗುಚಿಟ್ಟ ಕಲ್ಲು

ಸೋಮವಾರ ಬೆಳಿಗ್ಗೆ 10.20ಕ್ಕೆ ಠಾಣೆಗೆ ಬಂದ ದೂರನ್ನು ಕೇಳಿ ಮುಖ್ಯಪೇದೆ ಪೆನ್ನು ಕೆಳಗಿಟ್ಟ.

"ಅಂದ್ರೆ ಮೇಡಂ, ಕಲ್ಲು ಕದ್ದಿಲ್ಲ, ತಂದಿಟ್ಟಿದ್ದಾರೆ! ಇಂಥ ಕಳ್ಳ ನಮ್ಮನೆಗೂ ಒಂದ್ಸಲ ಬರ್ಲಿ."

ದೂರು ತಂದಿದ್ದ ವಿಜ್ಞಾನಿ ನಗಲಿಲ್ಲ. ಪ್ರತಿ ತಿಂಗಳು ನದಿಯ ಗೊತ್ತುಮಾಡಿದ ಜಾಗದಿಂದ ಐದು ಕಲ್ಲು ಎತ್ತಿ, ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಬಂದ ಕಂದು ಲೋಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು ಆಕೆಯ ಕೆಲಸ. ಅದರಲ್ಲಿ ಡಯಾಟಮ್ ಎಂಬ, ಗಾಜಿನಂಥ ಚಿಪ್ಪಿನ ಪಾಚಿ. ಕೆಲವು ಜಾತಿ ಶುದ್ಧ ನೀರಲ್ಲಷ್ಟೇ ಬದುಕುತ್ತವೆ, ಕೆಲವು ಕೊಳಕಿನಲ್ಲೇ ಕೊಬ್ಬುತ್ತವೆ.

"ಬಾಟಲಿ ನೀರು ಆ ಗಳಿಗೆಯದನ್ನಷ್ಟೇ ಹೇಳುತ್ತೆ. ಕಲ್ಲು ವಾರಗಟ್ಟಲೆಯದನ್ನ ಹೇಳುತ್ತೆ. ಈ ಸಲ ಐದರಲ್ಲೂ ಬರೀ ಕೊಳಕಿನವು. ಪಕ್ಕದ ಕಲ್ಲೆಲ್ಲ ಸ್ವಚ್ಛ. ಶುಕ್ರವಾರ ಸರ್ಕಾರಕ್ಕೆ ವರದಿ ಕೊಡಬೇಕು. ಯಾರೋ ಕೈಯಾಡಿಸಿದಾರೆ."

ಇನ್ಸ್‌ಪೆಕ್ಟರ್ ಎಫ್‌ಐಆರ್ ಹಾಕಿಸಿದ.

ಮಧ್ಯಾಹ್ನ ಸ್ಥಳ ಪಂಚನಾಮೆ. ಅದೇ ಜಾಗದಲ್ಲಿ ಆಕೆ ಎತ್ತದೆ ಬಿಟ್ಟಿದ್ದ ಒಂದು ಕಲ್ಲನ್ನು ಇನ್ಸ್‌ಪೆಕ್ಟರ್ ತಿರುಗಿಸಿದ. ಮೇಲ್ಮೈ ಬೋಳು, ಅಡಿಯಲ್ಲಿ ದಪ್ಪ ಲೋಳೆ.

"ಬಿಸಿಲಿಲ್ಲದೆ ಇದು ಬೆಳೆಯುತ್ತಾ?"

"ಸಾಧ್ಯವೇ ಇಲ್ಲ."

ಯಾರೋ ಅವಸರದಲ್ಲಿ ಮಗುಚಿಟ್ಟಿದ್ದಾರೆ. ಎಲ್ಲಿಂದ ತಂದದ್ದು?

ಮಂಗಳವಾರ ದಡದುದ್ದಕ್ಕೂ ನೂರು ಹೆಜ್ಜೆಗೊಂದು ಕಲ್ಲು ತಿಕ್ಕುತ್ತಾ ನದಿ ಹರಿಯುವತ್ತ ಕೆಳಗಿಳಿದರು. "ನನ್ನ ಹಲ್ಲಿಗೂ ಇಷ್ಟು ಸೇವೆ ಮಾಡಿಲ್ಲ ಸಾರ್," ಎಂದ ಮುಖ್ಯಪೇದೆ. ಯಾವುದರ ಲೋಳೆಯೂ ಹೊಂದಲಿಲ್ಲ. ಜೊಂಡು ಶುರುವಾದಲ್ಲಿ ದಾರಿ ಮುಗಿಯಿತು.

ಬುಧವಾರ ದೋಣಿ ಹತ್ತಿದರು. ವಿಜ್ಞಾನಿಯನ್ನು ತಿಂಗಳು ತಿಂಗಳು ಕರೆದೊಯ್ಯುವ ಅದೇ ಮುದುಕ, ಅದೇ ದೋಣಿ. ಆತ ಹುಟ್ಟು ಹಾಕುತ್ತಾ ಜೊಂಡನ್ನು ಸೀಳಿಕೊಂಡು ನೇರ ಒಂದು ಕೊಳವೆಯ ಬಾಯಿಗೆ ತಂದು ನಿಲ್ಲಿಸಿದ. ಮೇಲೆ ಬಣ್ಣದ ಕಾರ್ಖಾನೆಯ ಬೇಲಿ. ಎಲ್ಲಿಗೆ ಹೋಗಬೇಕೆಂದು ಯಾರೂ ಹೇಳಿರಲಿಲ್ಲ.

ಇನ್ಸ್‌ಪೆಕ್ಟರ್ ಅಲ್ಲಿನ ಕಲ್ಲೊಂದನ್ನು ಎತ್ತಿಸಿ, ಅಲ್ಲೇ ಮಹಜರು ಬರೆಸಿದ. ಮಧ್ಯಾಹ್ನ 3.40ಕ್ಕೆ ಪ್ರಯೋಗಾಲಯದಲ್ಲಿ ತಾಳೆಯಾಯಿತು. ಅವೇ ಜಾತಿಗಳು.

"ಅಜ್ಜಾ, ಆ ಕೊಳವೆ ನಿಮಗೆ ಹೇಗೆ ಗೊತ್ತು?" ಎಂದು ಇನ್ಸ್‌ಪೆಕ್ಟರ್ ಮುದುಕನನ್ನು ಕೇಳಿದ.

"ದಿನಾ ನದಿಗಿಳಿಯೋ ಮೊಮ್ಮಗಳ ಕಾಲು ನೋಡಿ ಹುಡುಕಿದೆ ಸ್ವಾಮಿ. ಹುಣ್ಣು ಮಾಯೋದೇ ಇಲ್ಲ."

"ದೂರು ಕೊಡಬಹುದಿತ್ತಲ್ಲ?"

"ಎರಡು ವರ್ಷದಲ್ಲಿ ಮೂರು ಸಲ ಕೊಟ್ಟೆ. ವರದಿ ಪ್ರಕಾರ ನದಿ ಚೆನ್ನಾಗಿದೆ ಅಂದ್ರು. ಈ ತಾಯಿ ಕಲ್ಲೆತ್ತೋ ಜಾಗ ಕೊಳವೆಗಿಂತ ಮೇಲೆ. ಕೆಳಗೆ ಬಾರವ್ವಾ ಅಂದ್ರೆ, ಜಾಗ ಬದಲಿಸೋ ಹಾಗಿಲ್ಲ ಅಂತಾಳೆ. ಅವಳು ಕಲ್ಲಿನ ಹತ್ರ ಬರಲಿಲ್ಲ. ಕಲ್ಲನ್ನೇ ಅವಳ ಹತ್ರ ಒಯ್ದೆ."

ವಿಜ್ಞಾನಿ ತಲೆ ತಗ್ಗಿಸಿದಳು.

ಸರ್ಕಾರಿ ಮಾದರಿಯನ್ನು ಕೆಡಿಸಿದ ಆರೋಪದ ಮೇಲೆ 4.15ಕ್ಕೆ ದಸ್ತಗಿರಿ. ಠಾಣೆಯಲ್ಲೇ ಜಾಮೀನು ಸಿಗುವಂಥದು. ಜಾಮೀನು ಪತ್ರಕ್ಕೆ ಸಹಿ ಹಾಕುವ ಮುನ್ನ ಮುದುಕ ಪೆನ್ನು ಹಿಡಿದೇ ಕೇಳಿದ:

"ಕಲ್ಲು ಎಲ್ಲಿಂದ ಬಂತು ಅಂತ ಬರೆದಿದ್ದೀರಾ?"

ಇನ್ಸ್‌ಪೆಕ್ಟರ್ ಮಹಜರು ಓದಿದ. "ಜೊಂಡಿನ ಹಿಂದೆ, ಎಂಟು ಅಂಗುಲ ಅಗಲದ ಕೊಳವೆಯ ಬಾಯಿಂದ ನಾಲ್ಕು ಅಡಿ ದೂರದಲ್ಲಿ..."

"ಇನ್ನೊಂದ್ಸಲ ಓದಿ."

ಓದಿದ. ಎರಡು ವರ್ಷ ಯಾವ ಕಾಗದದಲ್ಲೂ ಇಲ್ಲದ ಕೊಳವೆ ಈಗ ಸರ್ಕಾರಿ ಮೊಹರಿನಡಿ ಇತ್ತು. ಅದಕ್ಕಾಗಿಯೇ ಮುದುಕ ಅಪರಾಧಿಯಾಗಿದ್ದ. ಅವನು ನಿಧಾನವಾಗಿ, ಒಂದಕ್ಷರವೂ ಬಿಡದಂತೆ ಸಹಿ ಹಾಕಿದ.

ಪಕ್ಕದ ಮೇಜಿನಲ್ಲಿ ಮುಖ್ಯಪೇದೆ ಹೊಸ ಎಫ್‌ಐಆರ್‌ಗೆ ಹಾಳೆ ತಿರುವಿದ. ಆರೋಪಿ: ಕಾರ್ಖಾನೆ. ದೂರುದಾರರ ಕುರ್ಚಿಯಲ್ಲಿ ವಿಜ್ಞಾನಿ ಆಗಲೇ ಕೂತಿದ್ದಳು.